ಹುಳು ಬೀಳದ ಹೆಸರುಕಾಳು

ತಿಪಟೂರು, ಆಸ್ಪತ್ರೆಯಿಂದ
೧೪-೨-೧೯೮೪

ಸೌಭಾಗ್ಯವತಿ ತಂಗಿ ಓಬಮ್ಮನಿಗೆ ನಿನ್ನಕ್ಕ ಮನಸಾರೆ ಮಾಡುವ ಆಶೀರ್ವಾದ.

ಕಾಗದ ತಡವಾಯಿತು, ಮುನಿಸಿಕೊಳ್ಳಬೇಡ. ಮಿಕ್ಕದ್ದನ್ನು ಓದುವ ಮೊದಲು ಎದ್ದು ಹೋಗಿ, ಸಂಕ್ರಾಂತಿಗೆ ನಾನು ಕಳಿಸಿದ ಹೆಸರುಕಾಳನ್ನು ಗುಂಡಿ ತೋಡಿ ಹೂತುಬಿಡು. ಕೋಳಿಗೂ ಹಾಕಬೇಡ. ಬಸುರಿಗೆ ತಂಪು ಅಂತ ಕಳಿಸಿದ್ದೆ. ಕೊಟ್ಟದ್ದನ್ನು ತಿಂಗಳುಗಟ್ಟಲೆ ಗಂಟು ಬಿಚ್ಚದೆ ಅಟ್ಟದ ಮೇಲಿಡುವವಳು ನೀನು. ಅದಕ್ಕೆ ಎಷ್ಟು ಬೈದಿದ್ದೇನೆ! ಈ ಸಲ ಆ ಸೋಮಾರಿತನವನ್ನೇ ನಂಬಿ ಕೂತಿದ್ದೇನೆ.

ನಿನ್ನ ಭಾವ ಕೆಲಸ ಮಾಡುವ ಕುಲುಮೆ ಗೊತ್ತಲ್ಲ. ಉಕ್ಕಿನ ಕಾರ್ಖಾನೆಯ ಹೊಗೆಧೂಳನ್ನು ಲಾರಿಯಲ್ಲಿ ತಂದು, ನಮ್ಮ ಕಡೆಯ ತೆಂಗಿನ ಚಿಪ್ಪಿನ ಇದ್ದಿಲು ಬೆರೆಸಿ ಕಾಯಿಸಿ, ಸತು ತೆಗೆಯುತ್ತಾರೆ. "ಕಸ ಅಂತ ಬಿಸಾಕಿದ್ರಾಗೆ ಎಂತಾ ಮಾಲೈತೆ ನೋಡೇ" ಅಂತ ಅವರಿಗೆ ಹೆಮ್ಮೆ. ಕಾಳಿಗೆ ಬೆರೆಸಲು ಒಲೆಬೂದಿ ಸಾಲದಾದಾಗ ನಾನೇ ಆ ಧೂಳು ತರಿಸಿಕೊಂಡೆ. ಬೂದಿಗಿಂತ ನುಣುಪು. ಒಂದು ಹುಳು ಬೀಳಲಿಲ್ಲ. ಕೇರಿಯವರಿಗೆಲ್ಲ ತೋರಿಸಿ ಜಂಬ ಪಟ್ಟೆ.

ದೀಪಾವಳಿಯಿಂದ ಆ ಕಾಳನ್ನೇ ತೊಳೆದು ಬೇಯಿಸಿ ಉಂಡೆವು. ಈಗ ಮಗಳು ರಂಗಮ್ಮನಿಗೆ ಬಿಡದ ಹೊಟ್ಟೆನೋವು, ಮುಖ ಬಿಳಿಚಿಕೊಂಡಿದೆ. ಲೋಟ ಹಿಡಿಯಲು ಹೋದರೆ ಕೈ ಜೋತುಬೀಳುತ್ತದೆ. ದೃಷ್ಟಿ ತೆಗೆದೆ, ಹರಕೆ ಹೊತ್ತೆ. ಡಾಕ್ಟರು ಒಸಡಿನ ಕಪ್ಪುಗೆರೆ ನೋಡಿ, "ಆ ಧೂಳಲ್ಲಿ ಸೀಸ ಇರುತ್ತಮ್ಮ. ತೊಳೆದ್ರೆ ಪೂರ್ತಿ ಹೋಗಲ್ಲ" ಅಂದರು. ವಾಸಿಯಾಗುತ್ತಾ ಅಂತ ಕೇಳಿದೆ. ಅವರು, ಆ ಕಾಳು ಬೇರೆ ಯಾರಿಗಾದರೂ ಕೊಟ್ಟಿದ್ದೀರಾ ಅಂತ ಕೇಳಿದರು.

ಕುಲುಮೆಯ ಯಜಮಾನ ಬಸವರಾಜಪ್ಪ "ತಿನ್ನಿ ಅಂತ ನಾವು ಹೇಳಿದ್ವೇನ್ರೀ?" ಅಂದರಂತೆ. ನಿನ್ನ ಭಾವ ತಲೆ ತಗ್ಗಿಸಿಕೊಂಡು ಬಂದರು. ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ತಿಳಿಯುವುದಿಲ್ಲ. ನಾನೇ ನಿನ್ನಲ್ಲಿಗೆ ಓಡಿ ಬರುತ್ತಿದ್ದೆ, ಆದರೆ ನಾನು ಕಣ್ಮರೆಯಾದರೆ ಮಗು ಅಳುತ್ತದೆ.

ನೂರು ಕಾಲ ಬಾಳು ತಾಯಿ. ನಿನ್ನ ಹೊಟ್ಟೆಯ ಕೂಸು ತಣ್ಣಗಿರಲಿ.

ನಿನ್ನ ಅಕ್ಕ,
ಗಂಗಕ್ಕ

ತಾ.ಕ.: ಅಂಚೆಗೆ ಹಾಕುವಷ್ಟರಲ್ಲಿ ನಿನ್ನ ಭಾವ ಕಂದಿಕೆರೆಯ ಮನೆಗೆ ಬಂದಿದ್ದ ನಿನ್ನ ಕಾಗದ ತಂದರು. ದಾರಿಯಲ್ಲೇ ಓದಿಕೊಂಡಿದ್ದರು. ಇದನ್ನು ಹಿಡಿದು ನಿಮ್ಮೂರು ದಬ್ಬೇಘಟ್ಟದ ಬಸ್ಸಿಗೆ ಅವರೇ ಹೊರಟಿದ್ದಾರೆ. ನಿನ್ನೆದುರು ನಿಂತು ಹೇಳಲು ಮಾತು ಹೊರಡುವುದಿಲ್ಲವಂತೆ, ಅವರನ್ನು ಬೈಯಬೇಡ. ನಿನ್ನ ಕಾಗದವನ್ನು ಮತ್ತೆ ಮತ್ತೆ ಓದುತ್ತಿದ್ದೇನೆ: "ಅಕ್ಕಾ, ಏನು ಉಂಡ್ರೂ ವಾಂತಿ. ನಿನ್ ಹೆಸ್ರುಕಾಳಿನ ಸಾರೊಂದೇ ಒಳಗೆ ನಿಲ್ಲೋದು, ದಿನಾ ಅದೇ. ಮುಗೀತಾ ಬಂತು, ಇನ್ನೊಂದಿಷ್ಟು ಕಳ್ಸು."