ಮೀನಖಂಡದ ರಗಳೆ

ಸಗರ
ಮಾಘ ಬಹುಳ ಪಂಚಮಿ, ಫಸಲಿ ೧೩೫೦

ಸುರಪುರದಲ್ಲಿ ಏಳು ತಿಂಗಳ ಹೊಟ್ಟೆ ಹೊತ್ತು ಕೂತಿರುವ ನನ್ನ ಮಗನ ಮಗಳು ಪಾರ್ವತೆಮ್ಮಗೆ ಅಜ್ಜಿಯ ಆಶೀರ್ವಾದ.

ಈ ಕಾಗದವನ್ನೂ ನಿನ್ನ ಮಾವ ನಾಗಣ್ಣನವರೇ ಮೊದಲು ಓದುತ್ತಾರೆಂದು ಗೊತ್ತು. ಓದಲಿ. ಅದಕ್ಕೇ ಅಕ್ಷರ ದೊಡ್ಡದು ಮಾಡಿದ್ದೇನೆ.

ನಿನ್ನನ್ನು ಹೆರಿಗೆಗೆ ಕರೆತರಲು ಹೋದ ಬಾಲಪ್ಪ ನಿನ್ನೆ ಖಾಲಿ ಬಂಡಿಯಲ್ಲಿ ಬಂದ. ಕೈಯಲ್ಲಿ ನನ್ನದೇ ಹಿಂದಿನ ಕಾಗದ. ರಾತ್ರಿ ಕಾಲು ಸೆಟೆದು ಎಚ್ಚರವಾಗುತ್ತದೆಂದು ನೀನು ಬರೆದಿದ್ದಕ್ಕೆ ನಾನು ಕೊಟ್ಟ ಉತ್ತರ ಅದು. ಮಾವನವರು ಪಡಸಾಲೆಯಲ್ಲಿ ನಾಲ್ಕು ಜನರೆದುರು ಓದಿದರಂತೆ: "ದಿನಾ ಮಲಗೂ ಮುಂದ ಮೀನಖಂಡ ತಿನ್ನು." ಲಿಂಗ ಕಟ್ಟಿದ ಮನೆ. ನಿನ್ನ ಅತ್ತೆ ನೀನು ಉಣ್ಣುವ ಗಂಗಾಳ ಬೇರೆ ಇಟ್ಟಳಂತೆ. "ಮೀನ ತಿನ್ನಾಕ ಕಲಿಸೋ ಮನಿಗಿ ಬಾಣಂತನಕ್ಕ ಕಳಸಂಗಿಲ್ಲ" ಅಂದಳಂತೆ.

ನಾನು ಬರೆದದ್ದು ತಿಕ್ಕು. ಮೀನಖಂಡವೆಂದರೆ ಮೊಣಕಾಲ ಕೆಳಗೆ ಹಿಂದಿರುವ ಉಬ್ಬು. ಮಾಂಸವೆಂದು ಬರೆದಿದ್ದರೆ ಅದಕ್ಕೊಂದು ಪಂಚಾಯಿತಿ ಆಗುತ್ತಿತ್ತು. ನಿನ್ನ ಅತ್ತೆಗೂ ಅವು ಎರಡಿವೆ, ಪೂಜೆಗೆ ಕೂತಾಗಲೂ ಜೊತೆಗೇ ಇರುತ್ತವೆ. ನಿನ್ನ ಮಾವ ಕಚೇರಿಯಲ್ಲಿ ಇಪ್ಪತ್ತು ವರ್ಷ ಉರ್ದು ಓದಿದವರು. ಬಲದಿಂದ ಎಡಕ್ಕೆ ಹೋಗಿ ರೂಢಿಯಾದ ಕಣ್ಣು ಕನ್ನಡದಲ್ಲಿ ಎಡವಿದರೆ ಅದಕ್ಕೆ ನಾನೇನು ಮಾಡಲಿ?

ಮತ್ತೊಮ್ಮೆ ಹೇಳುತ್ತೇನೆ. ಮಲಗುವ ಮೊದಲು ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ಆ ಉಬ್ಬಿಗೆ ಹಚ್ಚಿ ತಿಕ್ಕಬೇಕು. ಆಮೇಲೆ ಗೋಡೆಗೆ ಅಂಗೈ ಊರಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೆ ಒತ್ತಿ ಮೂವತ್ತು ಎಣಿಸು. ಹಾಗೇ ಇನ್ನೊಂದು ಕಾಲು. ಹಗಲೆಲ್ಲ ನೀರು ಕುಡಿ. ಬೀಸುಕಲ್ಲಿನ ಮುಂದೆ ಕಾಲು ಮಡಚಿಕೊಂಡೇ ಹೊತ್ತು ಕಳೆಯಬೇಡ. ಅಷ್ಟಾದರೂ ಸೆಟೆದರೆ ಕಾಲು ಚಾಚಿ ಬೆರಳುಗಳನ್ನು ನಿನ್ನ ಕಡೆಗೆ ಎಳೆದುಕೋ. ಹೊಟ್ಟೆ ಅಡ್ಡ ಬಂದರೆ ಗಂಡನನ್ನು ಎಬ್ಬಿಸು. ಎಳೆಯಲಿ, ಅವನಿಗೇನೂ ಸೆಟೆದಿಲ್ಲ.

ನಿನ್ನ ಅಜ್ಜಿ,
ಸಾಯಬಮ್ಮ

ಮರೆತದ್ದು: ಈ ಕೊನೆಯ ಸಾಲುಗಳನ್ನು ಶಾಲೆಯ ಜಲಾಲುದ್ದೀನ ಮಾಸ್ತರರ ಕೈಯಿಂದ ಬರೆಸುತ್ತಿದ್ದೇನೆ. ಹಳೇ ಕಾಗದವನ್ನು ಬಿಸಿಲಿಗೆ ಹಿಡಿದು ಅವರಿಗೆ ತೋರಿಸಿದೆ. ನಗಲಿಲ್ಲ ಅವರು. "ಅಮ್ಮಾ, ತಿನ್ನು ಅಂತನೇ ಅದರಿ" ಅಂದರು. ನಾಗಣ್ಣನವರೇ, ಇದು ನಿಮಗೆ. ನೀವು ಓದಿದ್ದು ಸರಿ. ಒತ್ತಕ್ಷರ ನನಗೀಗ ಕಾಣುವುದಿಲ್ಲ, ಮನೆಯಲ್ಲಿ ಯಾರಿಗೂ ಹೇಳಿಲ್ಲ. ತಪ್ಪು ಮುದುಕಿಯದು, ಹುಡುಗಿಯ ಮೇಲೆ ಹಾಕಬೇಡಿರಿ. ಸೋಮವಾರ ಬಂಡಿ ಬರುತ್ತದೆ, ಕಳಿಸಿಕೊಡಿರಿ. ಕೂಸುಗಳ ಮುಖ ಕೈಯಿಂದ ಮುಟ್ಟಿಯೇ ತಿಳಿಯುವ ಕಾಲ ನನಗೆ ದೂರವಿಲ್ಲ. ಈ ಒಂದನ್ನಾದರೂ ಕಣ್ಣಾರೆ ನೋಡುತ್ತೇನೆ.