ನಿಲ್ಲದ ನಕ್ಷತ್ರ

ಊಟಿ, ಮಂಗಳವಾರ

ಪ್ರೀತಿಯ ಅಪ್ಪನಿಗೆ,

ಬೆಳಿಗ್ಗೆ ಹುಲ್ಲಿನ ಮೇಲೆ ಅಕ್ಕಿ ಹಿಟ್ಟು ಚೆಲ್ಲಿದ ಹಾಗೆ ಹಿಮ ಬಿದ್ದಿತ್ತು. ಇಲ್ಲಿಯ ವಿಜ್ಞಾನ ಕೇಂದ್ರದ ಫಲಕಗಳನ್ನು ಕನ್ನಡಕ್ಕೆ ತರುವಾಗ ಒಂದು ತಪ್ಪು ಮಾಡಿದೆ. ನ್ಯೂಟ್ರಾನ್ ನಕ್ಷತ್ರ ತಿರುಗುತ್ತ ನಿಧಾನವಾಗುತ್ತದೆ, ಒಮ್ಮೊಮ್ಮೆ ಥಟ್ಟನೆ ವೇಗ ಹೆಚ್ಚಿಸಿಕೊಳ್ಳುತ್ತದೆ ಎಂದು ಮೂಲದಲ್ಲಿತ್ತು. ನೀವು ಕೈಬಿಟ್ಟ ರಾಟೆ ನಿಲ್ಲುವುದನ್ನೇ ನೋಡಿ ಬೆಳೆದವಳು ನಾನು; ಅಚ್ಚಿನ ತಪ್ಪೆಂದುಕೊಂಡು ‘ಕೊನೆಗೆ ನಿಲ್ಲುತ್ತದೆ’ ಎಂದು ತಿದ್ದಿಬಿಟ್ಟೆ. ಫಲಕ ಬರೆಯುವ ಹನೂರಿನ ದೇವಣ್ಣ ಬಣ್ಣ ಒಣಗಿದ ಮೇಲೆ ನಕ್ಕರು: “ಒಳಗಿರೋದು ಇನ್ನೂ ಜೋರಾಗೇ ಸುತ್ತಾ ಇರ್ತದೆ ಕಣವ್ವ, ಮ್ಯಾಲಿನ ಚಿಪ್ಪನ್ನ ಒಂದೇಟ್ಗೆ ಎಳ್ಕಂಡೋಯ್ತದೆ. ಸಾಯೇಬ್ರು ನೋಡಿಲ್ಲ, ಸುಮ್ಕಿರು.”

ಕೆಮ್ಮು ಕಡಿಮೆಯಾಗಿದೆ, ಶಾಲು ಕಳಿಸಬೇಡಿ. ಶನಿವಾರ ಕೊಳ್ಳೇಗಾಲದ ಶಾಲೆಯ ಮಕ್ಕಳು ಬಂದು ಆ ಫಲಕವನ್ನು ಓದುತ್ತಾರೆ. ಕೇಂದ್ರ ನಡೆಸುವ ಸಾಹೇಬರ ಮುಂದೆ ನನಗೆ ಮಾತೇ ಹೊರಡುವುದಿಲ್ಲ, ನಿಮಗೆ ಗೊತ್ತು. ಆದರೂ ಈ ಕಾರ್ಡನ್ನು ಡಬ್ಬಿಗೆ ಹಾಕಿ, ತಪ್ಪು ನನ್ನದೆಂದು ಹೇಳಲು ನೇರವಾಗಿ ಅವರ ಕೋಣೆಗೇ ಹೋಗುತ್ತೇನೆ.

ನಿಮ್ಮ ಸುಗುಣ