ನೀನು ಸುಡದ ಅಂಗಿ

ದಮಯಂತಿ,

ನಿನ್ನೆ ನಮ್ಮವರ ಜೊತೆ ಗೋಣಿಕೊಪ್ಪಲಿಗೆ ಹೋಗಿ ನಿನ್ನ ಶಿಲ್ಪಗಳ ಪ್ರದರ್ಶನ ನೋಡಿ ಬಂದೆ. ನೀನಿರಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ತುಕ್ಕು ಹಿಡಿದ ಡ್ರಮ್ಮಿಗೆ ನೀನು ಬೇಲಿತಂತಿ ಸುತ್ತಿ, ಕೂಸಿನ ಹಳದಿ ಅಂಗಿಯೊಂದನ್ನು ಬಿಗಿದಿದ್ದೆ. ಕುತ್ತಿಗೆಯ ಸುತ್ತ ನಾನು ಹಾಕಿದ ಹಸಿರು ಕಸೂತಿ ಹಾಗೇ ಇತ್ತು.

ಮಗು ಹೊಟ್ಟೆಯಲ್ಲೇ ಹೋದ ಮೇಲೆ ಆ ಅಂಗಿಯನ್ನು ಕೈಯಾರೆ ಸುಡಲಾಗದೆ ನಿನಗೆ ಕೊಟ್ಟಿದ್ದೆ. "ಸುಟ್ಟು ಬೂದಿ ಹೊಳೆಗೆ ಬಿಟ್ಟೆ ಯಮುನ, ಇನ್ನು ಅಳ್ಬೇಡ" ಎಂದಿದ್ದವಳು ನೀನು. ಅದನ್ನು ನಂಬಿ, ಸೇತುವೆ ದಾಟುವಾಗೆಲ್ಲ ಬಸ್ಸಿನೊಳಗಿಂದಲೇ ಹೊಳೆಗೆ ಕೈಮುಗಿಯುತ್ತಿದ್ದೆ.

ಜನ ಫೋಟೋ ತೆಗೆಯುತ್ತಿದ್ದರು. ನಮ್ಮವರು ಬಗ್ಗಿ ನೋಡಿ, "ಇದು ನೀನು ಹೊಲ್ದದ್ದಲ್ವಾ?" ಎಂದರು.

ನಿನ್ನನ್ನು ಬಿಟ್ಟುಕೊಡಲು ಆಗಲೂ ಮನಸ್ಸು ಬರಲಿಲ್ಲ. "ಅಲ್ಲ" ಎಂದೆ.

ಅವರು ತಂತಿ ಬಿಚ್ಚತೊಡಗಿದರು. ಪ್ರದರ್ಶನ ನೋಡಿಕೊಳ್ಳುತ್ತಿದ್ದ ಹುಡುಗಿ ಓಡಿಬಂದಳು. "ಸರ್, ಮುಟ್ಬಾರ್ದು. ಅದು ಮೇಡಂದು."

"ನಮ್ಮ ಮಗೂದು" ಎಂದರು. ಅವಳು ಹಿಂದೆ ಸರಿದಳು.

ಅಂಗಿ ಈಗ ನನ್ನ ಮಡಿಲಲ್ಲಿದೆ. ನಿನ್ನ ವಿಳಾಸ ಗೊತ್ತಿದ್ದರೂ ಈ ಕಾಗದವನ್ನು ಕಳಿಸುವುದಿಲ್ಲ. ನೀನು ಬಂದು ಒಂದು ಮಾತು ಕೇಳಿದ್ದರೆ, ನಿನ್ನ ಶಿಲ್ಪಕ್ಕೆ ಅಂಗಿಯನ್ನು ನಾನೇ ಕೊಡುತ್ತಿದ್ದೆನೇನೋ.